ಬಿಸಿಲಿಲ್ಲದೆ ಕಂದಿದ ಮೈ

ಇದು ಶುರುವಾದದ್ದು ತೊಂಬತ್ತೆಂಟನೆಯ ಇಸವಿಯ ನವೆಂಬರ್ ಕೊನೆಯಲ್ಲಿ, ಬೆಳಗಿನ ಒಂಬತ್ತರ ಕಾಫಿಯ ಹೊತ್ತಿಗೆ. ಉತ್ತರ ನಾರ್ವೆಯ ನಮ್ಮ ದ್ವೀಪದಲ್ಲಿ ಆ ವಾರ ಮುಳುಗಿದ ಸೂರ್ಯ ಮತ್ತೆ ಕಾಣುವುದು ಜನವರಿಯಲ್ಲೇ. ಮೀನು ಕೊಯ್ಯುವ ಶೆಡ್ಡಿನಲ್ಲಿ ದೀಪದ ಕೆಳಗೆ ಕೂತವರೆಲ್ಲ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದೆವು. ನನ್ನ ತಂಗಿ ಓಡ್ನಿಯ ಮುಖ ಮಾತ್ರ ಕಂದು.

“ಏನೇ ಓಡ್ನಿ, ಯಾರ ಜೊತೆ ಸ್ಪೇನಿಗೆ ಹೋಗಿ ಬಂದೆ?” ಎಂದಳು ಪಕ್ಕದಲ್ಲಿ ಕೂತಿದ್ದ ರಾಗ್ನಾ.

“ನಿನ್ನ ಗಂಡನ ಜೊತೆ ಕಣೇ. ಬಾಯಿ ಬಿಡಲಿಲ್ವಾ ಅವನು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಚಳಿಗಾಲದಲ್ಲಿ ಕಂದಿದ ಮೈ ಎಂದರೆ ನಮ್ಮಲ್ಲಿ ಬಿಸಿಲಿನ ದೇಶಕ್ಕೆ ರಜೆ ಹೋಗಿ ಬಂದ ಸುಖದ ಗುರುತು. ಓಡ್ನಿ ಸೊರಗುತ್ತಿದ್ದುದನ್ನೂ ಉಪ್ಪುಮೀನು ನೆಕ್ಕುತ್ತಿದ್ದುದನ್ನೂ ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ.

ಡಿಸೆಂಬರಿನಲ್ಲಿ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ನಮ್ಮಲ್ಲಿ ಕಾಯಂ ಡಾಕ್ಟರಿಲ್ಲ. ಆರು ವಾರಕ್ಕೊಬ್ಬರು ಬದಲಿ ಬರುತ್ತಾರೆ. ಆಗ ಇದ್ದವರು ರಕ್ತ ತೆಗೆಸಿ, ಥೈರಾಯ್ಡ್ ಕೊಂಚ ನಿಧಾನವಾಗಿದೆ ಎಂದು ಮಾತ್ರೆ ಕೊಟ್ಟು, ದೋಣಿ ಹತ್ತಿ ಹೋದರು. ಓಡ್ನಿಗೆ ಮಾತ್ರೆ ಎಂದರೆ ಬೇಜಾರು. ದಿನಾ ಬೆಳಿಗ್ಗೆ ನಾನೇ ಎದುರು ನಿಂತು ನುಂಗಿಸಿದೆ. ಹತ್ತು ದಿನಕ್ಕೆ ಹಾಸಿಗೆ ಹಿಡಿದಳು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಹೊಸ ಡಾಕ್ಟರ್ ಬೋಡಿಲ್, ಡೆನ್ಮಾರ್ಕಿನವರು, ಬೆಳಿಗ್ಗೆ ಮನೆಗೇ ಬಂದರು. ಅವಳ ಅಂಗೈ ಬಿಡಿಸಿದರು. ಗೆರೆಗಳೆಲ್ಲ ಮಸಿಯಲ್ಲಿ ಎಳೆದಂತೆ. ತುಟಿ ಎತ್ತಿದರು, ಒಸಡೂ ಕಪ್ಪು.

“ಪೆಡರ್, ಒಸಡಿಗೆ ಯಾವ ಬಿಸಿಲು ತಾಗುತ್ತೆ, ಹೇಳಿ?”

ನನ್ನತ್ತ ತಿರುಗಿ ಕೇಳಿದರು. ಅವರು ರಕ್ತ ತೆಗೆದುಕೊಂಡು, ಲ್ಯಾಬಿನ ಉತ್ತರಕ್ಕೆ ಕಾಯದೆ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ದೋಣಿಯಲ್ಲಿ ನಮ್ಮ ಜೊತೆಗೇ ಆಸ್ಪತ್ರೆಗೆ ಬಂದರು. ಮಾರನೆಯ ದಿನ ಲ್ಯಾಬಿನ ಕಾಗದವನ್ನು ನನ್ನ ಮುಂದೆ ಹಿಡಿದರು.

“ಇದು ಕಾರ್ಟಿಸಾಲ್, ಮೈಗೆ ಕಸುವು ಕೊಡೋ ಹಾರ್ಮೋನು. ಬೆಳಿಗ್ಗೆ ಹೊತ್ತು ತುಂಬಾ ಇರಬೇಕು. ಇವರದು ಇಲ್ಲ ಅಂತಲೇ ಅನ್ನಬಹುದು. ಕೆಳಗಿರೋದು, ಅದನ್ನ ಮಾಡು ಅಂತ ತಲೆಯಿಂದ ಬರೋ ಅಪ್ಪಣೆ. ಅದು ಇಪ್ಪತ್ತು ಪಟ್ಟು ಜಾಸ್ತಿ. ತಲೆ ಕೂಗ್ತಾನೇ ಇದೆ, ಕೆಲಸ ಮಾಡಬೇಕಾದ, ಕಿಡ್ನಿ ಮೇಲಿರೋ ಗ್ರಂಥಿ ಸತ್ತುಹೋಗಿದೆ. ಆ ಅಪ್ಪಣೆ ಏರಿದಷ್ಟೂ ಮೈ ಕಪ್ಪಾಗುತ್ತೆ.”

“ಮತ್ತೆ ಥೈರಾಯ್ಡ್?”

“ಅದು ಈ ಕಾಯಿಲೆಯಿಂದಲೇ ಏರುಪೇರಾಗಿತ್ತು. ಹಿಂದಿನ ಡಾಕ್ಟರು ಆ ಒಂದು ಸಾಲು ಮಾತ್ರ ನೋಡಿದ್ರು. ಆ ಮಾತ್ರೆ, ಉಳಿದಿದ್ದ ಚೂರು ಕಾರ್ಟಿಸಾಲನ್ನೂ ಬೇಗ ಖಾಲಿ ಮಾಡ್ತು. ಇನ್ನೆರಡು ದಿನ ನುಂಗಿಸಿದ್ರೆ ಇವರು ಇರ್ತಿರಲಿಲ್ಲ.”

ನನ್ನ ಕೈಗಳನ್ನೇ ನೋಡಿಕೊಂಡೆ.

“ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ? ಮೈ ಕಪ್ಪಾಗೋದು, ಉಪ್ಪಿಗೆ ಹಾತೊರೆಯೋದು?”

ಇಲ್ಲ ಎನ್ನಲು ಬಾಯಿ ತೆರೆದೆ. ಅಮ್ಮ ನೆನಪಾದಳು. ಅಮ್ಮನ ಏಪ್ರನ್ ಜೇಬಿನಲ್ಲಿ ಸದಾ ಹರಳುಪ್ಪು ಇರುತ್ತಿತ್ತು. ಅವಳೂ ಕತ್ತಲೆಯ ತಿಂಗಳಲ್ಲೇ ಬಿದ್ದಳು. ಆಗ ನನಗೆ ಹನ್ನೆರಡು, ಓಡ್ನಿಗೆ ನಾಲ್ಕು. ಶವಪೆಟ್ಟಿಗೆಯ ಸುತ್ತ ನಿಂತ ಹೆಂಗಸರು, “ಎಷ್ಟು ಕಳೆಯಾಗಿದಾಳೆ ನೋಡೇ, ಈಗ ತಾನೇ ಹುಲ್ಲು ಕೊಯ್ದು ಬಿಸಿಲಿಂದ ಬಂದ ಹಾಗೆ” ಎಂದಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ನಲವತ್ತೆರಡು ವರ್ಷ ಜೋಪಾನ ಮಾಡಿದ್ದೆ.

ಓಡ್ನಿ ಉಳಿದಳು. ಬೇಸಿಗೆಗೆ ಬಣ್ಣ ಇಳಿಯಿತು. ಬೋಡಿಲ್ ಅಂದು ಆಸ್ಪತ್ರೆಯಲ್ಲಿ ಅಮ್ಮನ ಹೆಸರು ಬರೆದುಕೊಂಡು, ತೀರಿಕೊಂಡ ದಿನ ಕೇಳಿದ್ದರು. ಯೋಚಿಸಬೇಕಾಗಲಿಲ್ಲ. ಅಮ್ಮ ಹೋದದ್ದು ಐವತ್ತಾರನೆಯ ಇಸವಿ, ಜನವರಿ ಹದಿನೆಂಟು, ಬುಧವಾರ.