ಹೆಗಲು ನೋಡಿ ಆರಿಸಿದ ಕಾಲೇಜು

ಮುಂಗಾರಿನ ಮಿರಗದ ಮಳೆ ನಸುಕಿನಲ್ಲಿ ಜಿನುಗಿ ನಿಂತಿತ್ತು. ಗೊಳಸಂಗಿಯ ಎರೆಹೊಲಗಳ ಮೇಲಿಂದ ತಂಪು ಗಾಳಿ ಬೀಸುತ್ತಿತ್ತು. ನಮಾಜು ಮುಗಿಸಿ ಬಂದ ಗುಡುಸಾಬ, ಮೊಮ್ಮಗಳು ಇರಮಳ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಬಿಸ್ಮಿಲ್ಲಾ ಎಂದು ಬಸ್ಸು ಹತ್ತಿದ. ಇರಮ ಅವನ ಹಿಂದೆಯೇ ಹತ್ತಿದಳು. ಒಂದು ಹನಿ ರಕ್ತದೊಳಗೆ ಏನೇನಿದೆ ಎಂದು ಕಂಡುಹಿಡಿಯುವ ಲ್ಯಾಬ್ ಟೆಕ್ನೀಷಿಯನ್ ಆಗಬೇಕೆಂಬುದು ಅವಳ ಹಂಬಲ. ಬಾಗೇವಾಡಿಯಲ್ಲಿ ಆ ಪದವಿಯ ಕಾಲೇಜು ಎರಡು. ಆರಿಸಲು ಉಳಿದದ್ದು ಇದೊಂದೇ ದಿನ.

ಅಜ್ಜ ನಲವತ್ತು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಂತೆಗಳಲ್ಲಿ ಎತ್ತಿನ ವ್ಯಾಪಾರ ಮಾಡಿದವನು. ಕೊಂಬಿನ ಬಣ್ಣಕ್ಕೆ ಮರುಳಾಗುವವನಲ್ಲ. ಹೆಗಲ ಮೇಲೆ ಕೈಯಾಡಿಸಿ, ನೊಗ ಹೊತ್ತು ಜಡ್ಡುಗಟ್ಟಿದೆಯೇ ಎಂದು ನೋಡಿಯೇ ಕೊಳ್ಳುತ್ತಿದ್ದ.

ಮೊದಲು ಊರಾಚೆಯ ಹೊಸ ಕಾಲೇಜಿಗೆ ಹೋದರು. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಾಗ ಅಜ್ಜ ಬಾಗಿಲಿಗೇ ಸಲಾಮು ಹೇಳಿದ. ಒಳಗೆ ಮೈಕ್ರೋಸ್ಕೋಪುಗಳು ಬಿಚ್ಚದ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಿಂಚುತ್ತಿದ್ದವು. ಗುಮಾಸ್ತ ಮುತ್ತುರಾಜ ಚಹಾ ತರಿಸಿ, ಇರಮಳ ಕೈಗೆ ಗರಿಗರಿ ಬಿಳಿ ಕೋಟು ಕೊಟ್ಟ.

“ಹಾಕ್ಕೊಳ್ಳವಾ. ನಮ್ಮಲ್ಲಿ ಸೇರಾವ್ರಿಗೆ ಪುಕ್ಕಟೆ.”

ಇರಮ ತೊಟ್ಟು ಗಿರ್ರನೆ ತಿರುಗಿದಳು. ಅಜ್ಜನ ಎದೆಯುಬ್ಬಿತು. “ಮುಗೀತು ಬಿಡ್ರಿ!” ಎಂದವನೇ ಮುತ್ತುರಾಜನ ಕೈ ಹಿಡಿದು, ಮೇಲೆ ಟವೆಲ್ಲು ಮುಚ್ಚಿ, ಗಟ್ಟಿಯಾಗಿ ಒತ್ತಿದ. ಸಂತೆಯಲ್ಲಿ ಹಾಗೆ ಒತ್ತಿದರೆ ವ್ಯಾಪಾರ ಮುಗಿದಂತೆ. ಪಾಪ, ಮುತ್ತುರಾಜ ತನ್ನ ಕೈ ಎಲ್ಲಿ ಹೋಯಿತೆಂದು ಟವೆಲ್ಲನ್ನೇ ನೋಡುತ್ತಿದ್ದ.

ಕೋಟು ತೊಟ್ಟುಕೊಂಡೇ ಹೊರಗೆ ಬಂದ ಮೇಲೆ ಇರಮ ಕೇಳಿದಳು, “ಅಜ್ಜಾ, ಇನ್ನೊಂದು ನೋಡೋದು ಬ್ಯಾಡೇನು?”

“ಮಾತು ಕೊಟ್ಟಾಗೇತಿ, ಬೇಟಿ.”

“ಬರೇ ನೋಡಿದ್ರ ಮಾತೇನು ಸವೆಯೂದಿಲ್ಲ. ಬಾ!”

ಬಸ್ ನಿಲ್ದಾಣದ ಹಿಂದಿನ ಹಳೇ ಕಾಲೇಜಿನ ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಗಿತ್ತೋ. ಪಾಠ ಹೇಳುವ ಸುನಂದಾ ಮೇಡಂ ಬಾಗಿಲಲ್ಲೇ ಸಿಕ್ಕರು. ಅವರ ಬೆರಳುಗಳೆಲ್ಲ ನೇರಳೆ.

“ಇದೇನ್ರಿ ಬಾಯಾರ, ಶಾಯಿ ಚೆಲ್ಲಿತೇನು?” ಅಜ್ಜ ಮೇಡಂ ಅವರನ್ನು ಕೇಳಿದ.

“ಇಲ್ರೀ ಯಜಮಾನ್ರ, ಸ್ಲೈಡಿಗೆ ಹಾಕೋ ಬಣ್ಣ. ಹುಡುಗೂರು ದಿನಾ ಮಾಡ್ತಾವು. ಆ ತೊಟ್ಟಿ ನೋಡ್ರಿ, ಎಷ್ಟು ತಿಕ್ಕಿದ್ರೂ ಹೋಗವಲ್ದು.”

ಕೈ ತೊಳೆಯುವ ತೊಟ್ಟಿ, ಮೇಜಿನ ಅಂಚು, ನಲ್ಲಿ ಎಲ್ಲವೂ ನೇರಳೆ. ಮೇಡಂ ಮೈಕ್ರೋಸ್ಕೋಪಿನ ತಿರುಪನ್ನು ಇರಮಳ ಕೈಗೇ ಕೊಟ್ಟರು. ಒಂದು ಕ್ಷಣ ಬರೀ ಮಂಜು. ಆಮೇಲೆ ಗುಲಾಬಿ ಬಣ್ಣದ ನೂರಾರು ದುಂಡು ರಕ್ತಕಣಗಳು ಒಮ್ಮೆಲೇ ಕಣ್ಣು ತುಂಬಿದವು.

“ಅಜ್ಜಾ! ಇದರಾಗ ಸಂತೀನ ನೆರೆದೈತಿ!”

ಅಜ್ಜ ಬಗ್ಗಿ ನೋಡಿದ. ಅವನಿಗೇನು ಕಂಡಿತೋ ದೇವರೇ ಬಲ್ಲ. ಎದ್ದು, ತೊಟ್ಟಿಯ ಅಂಚಿನ ಮೇಲೆ ಮೆಲ್ಲಗೆ, ಎತ್ತಿನ ಹೆಗಲ ಮೇಲೆ ಆಡಿಸುವಂತೆ ಕೈಯಾಡಿಸಿದ.

“ದುಡದದ್ದು ಇದು,” ಎಂದ. “ಅಲ್ಲಿ ನಾನು ಕೊಂಬು ನೋಡಿ ಕೈ ಒತ್ತಿದೆ. ಇಷ್ಟು ವರ್ಷದಾಗ ಹಿಂಗ ಆಗಿದ್ದಿಲ್ಲ.”

“ಮತ್ತ ಕೊಟ್ಟ ಮಾತು?” ಇರಮಳ ದನಿ ಸಣ್ಣಗಾಯಿತು.

ಅಜ್ಜ ಅವಳು ತೊಟ್ಟಿದ್ದ ಕೋಟಿನ ತೋಳು ಮುಟ್ಟಿ ನೋಡಿದ. ಆಮೇಲೆ ಹೇಳಿದ, “ಇಸಗೊಂಡದ್ದನ್ನ ಹೊತ್ತು ಮುಳುಗೂದ್ರೊಳಗ ಹೊಳ್ಳಿ ಮುಟ್ಟಿಸಿದ್ರ ಮಾತು ಬಿಡಿಸಿಕೊಂಡಂಗ. ಸಂತಿ ರಿವಾಜು ಅದು. ಕೋಟು ತೆಗಿ.”

ಇರಮ ಹಳೇ ಕಾಲೇಜಿನ ಅರ್ಜಿ ತುಂಬಿ ಸಹಿ ಮಾಡಿದಳು. ತಿರುಪಿಗೆ ಅಂಟಿದ್ದ ಬಣ್ಣ ಅವಳ ಹೆಬ್ಬೆರಳಿಗೂ ಹತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗಾಜಿನ ಬಾಗಿಲು ಮತ್ತೆ ತೆರೆಯಿತು. ಗುಡುಸಾಬ ಈ ಸಲ ಬಾಗಿಲಿಗೆ ಸಲಾಮು ಹೇಳಲಿಲ್ಲ. ಮಡಿಕೆ ಕೆಡದಂತೆ ಮಡಚಿದ ಬಿಳಿ ಕೋಟನ್ನು, ಎರಡೂ ಕೈಯಿಂದ, ಮುತ್ತುರಾಜನ ಮುಂದೆ ಇಟ್ಟ.