ಮೊದಲ ಕುರ್ಚಿ

"ಮೇಡಂ, ಕುರ್ಚಿ ತಗೊಂಡು ಹೋಗ್ಲಾ?"

"ಪಾಠ ನಡೀತಿದೆ. ಕಣ್ಣು ಕಾಣಲ್ವಾ?"

ಜವಾನ ಕೋಣೆಯೊಳಗೆ ಕಣ್ಣಾಡಿಸಿದ. ಕರಿಹಲಗೆ, ಆರು ಕುರ್ಚಿ, ಕೊನೆಯದರಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ಉಳಿದ ಐವರು ಕಂಪ್ಯೂಟರ್ ತರಗತಿಗೆ ಹಾರಿದ್ದರು. ಆರು ಜನರಿಲ್ಲದಿದ್ದರೆ ಸ್ಪ್ಯಾನಿಷ್ ಇವತ್ತಿಗೆ ಬಂದ್ ಎಂದು ಪ್ರಿನ್ಸಿಪಾಲರ ಚೀಟಿ ಬಂದಿತ್ತು. ಅವಳು ಹನ್ನೊಂದು ವರ್ಷ ಪಾಠ ಹೇಳಿದ್ದಕ್ಕೆ ಒಂದೂವರೆ ಸಾಲು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಚೀಟಿಯನ್ನು ಮಡಚಿ ಡಸ್ಟರಿನ ಕೆಳಗಿಟ್ಟಿದ್ದಳು.

ಇವತ್ತಿನ ಕ್ರಿಯಾಪದ 'ಅಬ್ಲಾರ್'. ಮಾತಾಡು.

"ವರ್ತಮಾನದಲ್ಲಿ ಪದದ ಬಾಲ ಕತ್ತರಿಸ್ತೀವಿ. 'ಹಾಗಾದ್ರೆ ಮಾಡಿಯೇನು' ಅನ್ನೋ ಈ ರೂಪದಲ್ಲಿ ಏನನ್ನೂ ಕತ್ತರಿಸೋ ಹಾಗಿಲ್ಲ. ಇಡೀ ಪದಕ್ಕೆ 'ಈಯ' ಸೇರಿಸಿದ್ರೆ ಆಯ್ತು."

ಅವಳ ಕ್ರಮವೇ ಹಾಗೆ, ಕುರ್ಚಿಗೊಂದು ಸರ್ವನಾಮ. ನಾನು, ನೀನು, ಅವಳು, ನಾವು, ನೀವು, ಅವರು. ತಟ್ಟಿದ ಕುರ್ಚಿಯವರು ತಮ್ಮ ರೂಪ ಹೇಳಬೇಕು. ಇವತ್ತು ಖಾಲಿ ಕುರ್ಚಿ ತಟ್ಟಿ ತಾನೇ ಹೇಳುತ್ತಿದ್ದಳು.

"ಮನೇಲಿ ತುಟಿ ಬಿಚ್ಚಲ್ಲ. ಯಾರದೋ ಭಾಷೇಲಿ ಮಾತಾಡೋದು ಕಲಿಸ್ತಾಳಂತೆ," ಎಂದಿದ್ದ ಗಂಡ, ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ಉಳಿಯಿತು. ಅದಕ್ಕಾಗಿ ದಿನವಿಡೀ ತನ್ನ ಮೇಲೇ ಸಿಟ್ಟು.

ಪೋಸ್ಟ್‌ಮಾಸ್ಟರು ಗಡಿಯಾರ ನೋಡಿದರು. "ಮೇಡಂ, ನಾನೂ... ತಪ್ಪು ತಿಳ್ಕೋಬೇಡಿ."

"ನಿಮ್ಮ ಕುರ್ಚಿ ಯಾವ್ದು?"

"ಅವರು."

"ಹೇಳಿ ಹೋಗಿ."

"ಅಬ್ಲರೀಯನ್."

ಅಂದರೆ, ಅವರು ಮಾತಾಡಿಯಾರು. ಅಷ್ಟು ಹೇಳಿ, ಕೊಡೆ ಎತ್ತಿಕೊಂಡು ಹೋದರು.

ಜವಾನ ಎರಡೆರಡಾಗಿ ಎತ್ತತೊಡಗಿದ. 'ಅವರು' ಹೋದರು, 'ನೀವು' ಹೋದಿರಿ, 'ನಾವು' ಹೋದೆವು. ಅವಳು ಬರಿ ನೆಲದತ್ತ ಕೈತೋರಿ ಆಯಾ ರೂಪ ಹೇಳುತ್ತಲೇ ಇದ್ದಳು.

ಬಾಗಿಲಲ್ಲಿ ಪ್ರಿನ್ಸಿಪಾಲರು. "ಗಾಳಿಗೆ ಗುದ್ದಿ ಮೈ ಯಾಕೆ ನೋಯಿಸ್ಕೋತೀರಮ್ಮ? ಮನೆಗೆ ಹೋಗಿ."

"ಹೋಗಲ್ಲ ಸರ್." ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ಗಂಟೆ ಹೊಡೆಯೋವರೆಗೂ ಇದು ನನ್ನ ತರಗತಿ."

ಅವರು ಜವಾನನಿಗೆ ಕಣ್ಸನ್ನೆ ಮಾಡಿ ಹೊರಟುಹೋದರು.

ಈಗ ಉಳಿದದ್ದು ಮೊದಲ ಕುರ್ಚಿ ಒಂದೇ. ಅವಳು ಅದರಲ್ಲಿ ಕೂತು ಎರಡೂ ಕೈಯಿಂದ ಅಂಚು ಹಿಡಿದಳು. ಜವಾನ ಹಿಂದಿನಿಂದ ಕುರ್ಚಿಯ ಬೆನ್ನು ಹಿಡಿದ.

"ಏಳಿ ಮೇಡಂ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡಿ."

"ಅಬ್ಲರೀಯ," ಎಂದಳು ಕರಿಹಲಗೆಗೆ, ಗಟ್ಟಿಯಾಗಿ. ನಾನು ಮಾತಾಡಿಯೇನು. "ಅಬ್ಲರೀಯ!"

ಕುರ್ಚಿಯ ಮುಂದಿನ ಎರಡು ಕಾಲು ಆಗಲೇ ನೆಲ ಬಿಟ್ಟಿದ್ದವು.