ಮಗ್ದಲೇನಾಳ ಕೂದಲು

ಓವೆನ್ ಪೆಟ್ಟಿಗೆ ಕಟ್ಟಿ ಮುಗಿಸಿದ್ದ. ಪುಯೆಬ್ಲಾ ಬೆಟ್ಟಗಳ ಆ ಪುಟ್ಟ ಊರಿನಿಂದ ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸು. ಕೆನಡಾದ ಕಡಲತೀರದಲ್ಲಿ ನಲವತ್ತು ವರ್ಷ ಔಷಧದಂಗಡಿ ನಡೆಸಿ, ಹೆಂಡತಿ ತೀರಿಕೊಂಡ ಮೇಲೆ, ಇಲ್ಲಿನ ಇಗರ್ಜಿಯ ದವಾಖಾನೆಗೆ ಸ್ವಯಂಸೇವಕನಾಗಿ ಬಂದವನು ಅವನು. ಹೊರಡುವ ಮುನ್ನ ಒಂದು ಮನೆಯ ಬಾಗಿಲು ತಟ್ಟಬೇಕಿತ್ತು. ಮೂರು ತಿಂಗಳಿಂದ ತಟ್ಟಿರಲಿಲ್ಲ. ಇನ್ನು ತಟ್ಟದೆಯೇ ಹೋಗಬಹುದೆಂಬ ನಿರಾಳ, ಕದ್ದ ವಸ್ತುವಿನಂತೆ, ಎದೆಯೊಳಗೆ ಬೆಚ್ಚಗೆ ಅಡಗಿತ್ತು.

ಅದು ಹೊವೀತಾಳ ಮನೆ. ಏಪ್ರಿಲ್ ತಿಂಗಳ ಒಂದು ಸಂಜೆ, ವೈದ್ಯರಿಲ್ಲದ ಹೊತ್ತಿನಲ್ಲಿ, ಅವಳು ಹತ್ತೊಂಬತ್ತರ ಮಗಳು ನತಿಯನ್ನು ದವಾಖಾನೆಗೆ ಕರೆತಂದಿದ್ದಳು. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ ಹುಡುಗಿಯ ಮೊಣಕಾಲು ಮುಟ್ಟುವ ಕೂದಲನ್ನು ಓವೆನ್ ತಾನೇ ಎತ್ತಿ ಹಿಡಿದಿದ್ದ. ಕಗ್ಗಪ್ಪು ಕೂದಲು, ಎಡಗಣತಲೆಯಲ್ಲಿ ಮಾತ್ರ ಹುಟ್ಟಿನಿಂದ ಬಂದ ಒಂದು ಬಿಳಿಯ ಎಳೆ. ಅಜೀರ್ಣವೆಂದು ಮಾತ್ರೆ ಕೊಟ್ಟು, ಬೆಳಿಗ್ಗೆ ನೋಡೋಣವೆಂದು ಕಳಿಸಿದ. ಬೆಳಗಾಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಮೂರನೆಯ ದಿನ ನಗರದ ಆಸ್ಪತ್ರೆಯಲ್ಲಿ ಹುಡುಗಿ ತೀರಿಕೊಂಡಳು.

ಇಂದು ಊರವರು ಅಮ್ಮನೆಂದು ಕರೆಯುವ ಸಂತ ಮಗ್ದಲೇನಾಳ ಹಬ್ಬ; ಇಗರ್ಜಿಯಿಂದ ಅವಳ ಮರದ ಮೂರ್ತಿಯ ಮೆರವಣಿಗೆ. ಚೌಕದ ಮೂಲೆಯಲ್ಲಿ ಜೋಳದ ಸಿಪ್ಪೆಯಲ್ಲಿ ಬೇಯಿಸಿದ ತಮಾಲೆ ಕಡುಬು ಮಾರುವ ಚೋಲೆ ಅವನ ಕೈಗೊಂದು ಬಿಸಿ ಪೊಟ್ಟಣ ತುರುಕಿದಳು.

"ತಿನ್ನಿ ದೋನ್ ಓವೆನ್, ಹೊಟ್ಟೆಗಿಲ್ಲದೆ ಹಬ್ಬ ನೋಡ್ಬಾರ್ದು. ಈ ಸಲ ಅಮ್ಮನಿಗೆ ಯಾರ ಕೂದಲೋ ನೋಡೋಣ."

"ಇನ್ನೂ ಗೊತ್ತಿಲ್ವಾ?"

"ವರ್ಷಾ ವರ್ಷಾ ಒಬ್ಬಳು ಮೂರ್ತಿಗೆ ಕೂದಲು ಕೊಡ್ತಾಳೆ. ಅಮ್ಮ ಇಗರ್ಜಿ ಬಾಗಿಲು ದಾಟೋತನಕ ಕೊಟ್ಟೋಳ ಬಾಯಿಗೆ ಬೀಗ. ನೀವಂತೂ ಅಲ್ಲ ಬಿಡಿ, ನಿಮ್ಮ ತಲೇಲಿರೋದು ಅಮ್ಮನ ಹುಬ್ಬಿಗೂ ಸಾಲಲ್ಲ!"

ಓವೆನ್ ನಗುತ್ತಲೇ ಜೋಳದ ಸಿಪ್ಪೆ ಬಿಡಿಸತೊಡಗಿದ. ತುತ್ತೂರಿಗಳು ಮೊಳಗಿದವು. ಎಂಟು ಜನರ ಹೆಗಲ ಮೇಲೆ ಮಗ್ದಲೇನಾ ಬಾಗಿಲ ನೆರಳಿನಿಂದ ಬಿಸಿಲಿಗೆ ಬಂದಳು.

ಮೊದಲು ನಿಂತದ್ದು ತುತ್ತೂರಿ. ಆಮೇಲೆ ಜನರ ಮಾತು.

ಬೆಟ್ಟದ ಗಾಳಿ ಕೂದಲನ್ನು ಎತ್ತಿತು. ಮರದ ಮುಖದ ಎಡಬದಿಯಲ್ಲಿ ಬಿಳಿಯ ಎಳೆಯೊಂದು ಬಿಚ್ಚಿಕೊಂಡು ಹಾರಿತು.

ತಮಾಲೆ ಓವೆನ್‌ನ ಕೈಯಿಂದ ಜಾರಿತು. ಸತ್ತ ಹುಡುಗಿ ಊರ ತಲೆಗಳ ಮೇಲೆ ನಡೆದು ಬರುತ್ತಿದ್ದಳು. ಕಣ್ಣು ಮುಚ್ಚಿದರೆ ಅಂಗೈಗೆ ಆ ಕೂದಲ ಭಾರ ತಿಳಿಯುತ್ತಿತ್ತು: ಅಂದಿನ ಬೆವರಿನ, ಜ್ವರದ, ಅದೇ ಭಾರ.

"ಅಯ್ಯೋ, ನಮ್ಮ ನತೀದು!" ಚೋಲೆ ಸೆರಗಿನಂತೆ ಶಾಲನ್ನು ಬಾಯಿಗೊತ್ತಿಕೊಂಡಳು. "ಹೂಳೋ ಮುಂಚೆ ಕತ್ತರಿಸಿಟ್ಟಿದ್ದಾಳೆ ಹೊವೀತಾ. ಕಲ್ಲೆದೆ ಕಣ್ರೀ ಅವಳದು!"

ಪಲ್ಲಕ್ಕಿಯ ಹಿಂದೆ ಹೊವೀತಾ ನಡೆಯುತ್ತಿದ್ದಳು, ಕೈಯಲ್ಲೊಂದು ಮರದ ಬಾಚಣಿಗೆ. ಮೂರ್ತಿಯ ಕೂದಲನ್ನು ಬಾಚುವ ಹಕ್ಕು, ಕೂದಲು ಕೊಟ್ಟವಳ ಮನೆಯವರಿಗೆ ಮಾತ್ರ.

ಯಾವಾಗ ಹೆಜ್ಜೆ ಹಾಕಿದನೋ ಅವನಿಗೇ ತಿಳಿಯದು. ಮೆರವಣಿಗೆ ಊರು ಸುತ್ತಿ, ತುಂತುರು ಮಳೆಯಲ್ಲಿ ನೆನೆದು ಇಗರ್ಜಿಗೆ ಮರಳಿದಾಗ, ಓವೆನ್ ಹೊವೀತಾಳ ಬೆನ್ನ ಹಿಂದಿದ್ದ. ಅವಳು ಮೂರ್ತಿಯ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು.

"ಹೊವೀತಾ, ಆವತ್ತೇ ಆಸ್ಪತ್ರೆಗೆ ಕಳಿಸಿದ್ರೆ ಬದುಕ್ತಿದ್ಲು. ತಪ್ಪು ನಂದು."

"ಗೊತ್ತು."

"ಯಾವಾಗಿಂದ?"

"ಅಲ್ಲಿನ ಡಾಕ್ಟ್ರು ಆಗಲೇ ಹೇಳಿದ್ರು." ಅವಳು ತಿರುಗಲಿಲ್ಲ. "ಮೂರು ತಿಂಗಳು ನಿಮಗೋಸ್ಕರ ಕಾಫಿ ಕಾಸಿಟ್ಕೊಂಡು ಕೂತೆ. ಬೀದಿ ನಾಯಿನೂ ಬಂದು ಹೊಸಿಲಲ್ಲಿ ಮಲಗಿ ಹೋಯ್ತು. ನೀವು ಬರ್ಲಿಲ್ಲ. ನಾಳೆ ಆರು ಗಂಟೆ ಬಸ್ಸಂತೆ?"

ಅವನ ಮುಖ ಬಿಳಿಚಿತು. "ಕ್ಷಮಿಸು ಅಂತ ಹೇಗೆ ಕೇಳ್ಲಿ..."

"ಕೇಳ್ಬೇಡಿ. ಕೇಳಿದ್ರೂ ಇವತ್ತು ನನ್ನ ಹತ್ರ ಇಲ್ಲ."

ಅವಳು ಇನ್ನೊಂದು ಸಿಕ್ಕು ಬಿಡಿಸಿ, ಬಾಚಣಿಗೆಯನ್ನು ಅವನತ್ತ ಚಾಚಿದಳು.

"ಹಿಡೀರಿ. ಕೈ ಸೋತಿದೆ."

"ಮನೆಯವರು ಮಾತ್ರ ಅಲ್ವಾ?"

"ಅವಳು ಒದ್ದಾಡ್ತಿದ್ದಾಗ ಈ ಕೂದಲು ಎತ್ತಿ ಹಿಡಿದೋರು ನೀವು. ನನಗೆ ಕೈಯೇ ಆಡಿರ್ಲಿಲ್ಲ." ಹೊವೀತಾಳ ದನಿ ಮೊದಲ ಬಾರಿಗೆ ನಡುಗಿತು. "ತುದಿಯಿಂದ ಶುರು ಮಾಡಿ. ಎಳೀಬೇಡಿ, ಅವಳಿಗೆ ನೋಯುತ್ತೆ."

ಓವೆನ್ ಒದ್ದೆ ಕೂದಲನ್ನು ಎಡಗೈಯಲ್ಲಿ ಎತ್ತಿ ಹಿಡಿದ.